ಬೆಣಚುಕಲ್ಲಿನ ನಾಡಿ

ಅರವತ್ತು ತೂತು ಕೊರೆಯುವುದಕ್ಕೆ ಒಂದು ಇಡೀ ಭಾನುವಾರ ಹಿಡಿಯಿತು. 6 ಎಂಎಂ ಪ್ಲೈವುಡ್ಡಿನ ಒಂದು ಚೌಕ, ಅದರ ನಡುವೆ 10 ಸೆಂಟಿಮೀಟರ್ ತ್ರಿಜ್ಯದ ವೃತ್ತ, ವೃತ್ತದ ಗೆರೆಯ ಮೇಲೆ ಆರಾರು ಡಿಗ್ರಿಗೊಂದು ಚುಕ್ಕಿ. ಕೋನಮಾಪಕ ಇಟ್ಟು ಗುರುತು ಹಾಕುತ್ತ ಹೋದರೆ ಅರ್ಧ ಗಂಟೆಯ ಕೆಲಸ ಅಂದುಕೊಂಡಿದ್ದೆ. ಒಂದೊಂದು ಚುಕ್ಕಿಯನ್ನೂ ಅದರ ಹಿಂದಿನ ಚುಕ್ಕಿಯಿಂದ ಅಳೆದದ್ದೇ ಎಡವಟ್ಟಾಯಿತು. ಪೆನ್ಸಿಲ್ ಮೊನೆಯಷ್ಟು ತಪ್ಪು ಅರವತ್ತು ಸಲ ಕೂಡಿಕೊಂಡು, ಕೊನೆಯ ಚುಕ್ಕಿ ಇಟ್ಟು ನೋಡಿದರೆ ಅದಕ್ಕೂ ಮೊದಲನೆಯದಕ್ಕೂ ನಡುವೆ ಇನ್ನೊಂದು ದೀಪ ಕೂರುವಷ್ಟು ಸಂದು. ನನ್ನ ನಿಮಿಷಕ್ಕೆ ಅರವತ್ತೊಂದು ಸೆಕೆಂಡು!

ಅಳಿಸಿ, ಹೈಸ್ಕೂಲಿನ ಕೈವಾರ ಹುಡುಕಿ ತೆಗೆದೆ. ತ್ರಿಜ್ಯವನ್ನೇ ಅಳತೆಯಾಗಿಟ್ಟು ವೃತ್ತದ ಮೇಲೆ ಹೆಜ್ಜೆ ಹಾಕಿದರೆ ಆರನೇ ಹೆಜ್ಜೆಗೆ ಹೊರಟಲ್ಲಿಗೇ ಬಂದು ಮುಟ್ಟುತ್ತದೆ. ಒಂದು ಹೆಜ್ಜೆಗೆ 60 ಡಿಗ್ರಿ. ಪಂಚಭುಜ ಎಳೆಯುವುದು ಸ್ವಲ್ಪ ರಗಳೆ, ಆದರೂ ಕೈವಾರ ಮತ್ತು ಸ್ಕೇಲಿಗೆ ಎಟುಕುವಂಥದ್ದೇ. ಅದರ ಒಂದು ಪಾಲು 72 ಡಿಗ್ರಿ. ಎರಡನ್ನೂ ಒಂದೇ ಚುಕ್ಕಿಯಿಂದ ಹೊರಡಿಸಿದರೆ ಉಳಿಯುವ ವ್ಯತ್ಯಾಸ 12. ಅದರ ಅರ್ಧ 6. ಎಲ್ಲೂ ಡಿಗ್ರಿ ಅಳೆಯದೆ, ಆರು ಮೂಲೆ ಐದು ಮೂಲೆಗಳ ನಡುವಿನ ಸಣ್ಣ ಜಗಳದಿಂದ ಒಂದು ಸೆಕೆಂಡಿನ ಜಾಗ ಪ್ಲೈವುಡ್ಡಿನ ಮೇಲೆ ಬಂದು ಕೂತಿತು. ಹತ್ತನೇ ಕ್ಲಾಸಿನಲ್ಲಿ ಪರೀಕ್ಷೆಗೆಂದು ಉರು ಹೊಡೆದ ರಚನೆ. ಅದು ಯಾವತ್ತಾದರೂ ಕೆಲಸಕ್ಕೆ ಬರುತ್ತದೆ ಅಂತ ಆಗ ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದೆ.

ಮಧ್ಯಾಹ್ನ ಅಮ್ಮ ಬಂದು ನೋಡಿದಳು. ಪ್ಲೈವುಡ್ಡಿನ ಪುಡಿಯ ನಡುವೆ ಉಂಗುರದಾಕಾರದಲ್ಲಿ ತೂತುಗಳು.

"ಏನೋ ಅದು, ಶ್ಯಾವಿಗೆ ಅಚ್ಚಾ?"

"ಗಡಿಯಾರ ಅಮ್ಮ."

"ಮುಳ್ಳೆಲ್ಲಿ ಮತ್ತೆ?"

"ಮುಳ್ಳಿರಲ್ಲ. ಸುತ್ತ ದೀಪ ಓಡುತ್ತೆ, ನಡುವೆ ನಂಬರ್ ಬರುತ್ತೆ."

"ಇರೋ ಗಡಿಯಾರಕ್ಕೆ ಏನಾಗಿದೆ?" ಅಂದು ಒಳಗೆ ಹೋದಳು. ಅದಕ್ಕೆ ನನ್ನ ಹತ್ತಿರ ಉತ್ತರವಿರಲಿಲ್ಲ. ಗೋಡೆಯ ಮೇಲಿನ ಗಡಿಯಾರ ಚೆನ್ನಾಗಿಯೇ ನಡೆಯುತ್ತಿತ್ತು.

ಎಸ್.ಪಿ. ರೋಡಿನ ಅಂಗಡಿಯವನೂ ಇದನ್ನೇ ಕೇಳಿದ್ದ. ಬೆಂಗಳೂರಿನ ಆ ರಸ್ತೆಯಲ್ಲಿ ಬೀರುವಿನಷ್ಟೇ ಅಗಲದ ಅಂಗಡಿಗಳಿವೆ. ಮಾಲೀಕ ಕೂತಲ್ಲಿಂದ ಏಳದೆ ಕೈ ಚಾಚಿದರೆ ಸಾವಿರ ಬಗೆಯ ಸಾಮಾನು ಸಿಗುತ್ತವೆ. ನಾನು ಚೀಟಿ ಓದಿದೆ: 4060 ಒಂದು, 4013 ಒಂದು, 4017 ಎರಡು, 4026 ನಾಲ್ಕು, ಕೆಂಪು ಎಲ್‌ಇಡಿ ಎಪ್ಪತ್ತು, ಇತ್ಯಾದಿ. "ಸಾರ್, ಇದೆಲ್ಲ ಹಳೇ ಕಾಲದ ಐಸಿ. ಒಂದು ಚಿಕ್ಕ ಬೋರ್ಡ್ ಕೊಡ್ತೀನಿ, ಪ್ರೋಗ್ರಾಂ ಹಾಕಿದ್ರೆ ಅರ್ಧ ಗಂಟೇಲಿ ಗಡಿಯಾರ. ರೆಡಿ ಪೀಸೇ ಬೇಕಂದ್ರೂ ಇದೆ, ಇದಕ್ಕಿಂತ ಕಮ್ಮಿಗೆ." ಅವನ ಮಾತು ನೂರಕ್ಕೆ ನೂರು ಸರಿ. ಆದರೆ ಪ್ರೋಗ್ರಾಂ ಬರೆದರೆ ಎಣಿಕೆಯೆಲ್ಲ ಚಿಪ್ಪಿನ ಹೊಟ್ಟೆಯೊಳಗೇ ನಡೆದುಹೋಗುತ್ತದೆ. ನನಗೆ ಎಣಿಕೆ ಹೊರಗೆ ಬೇಕಿತ್ತು, ಬೆರಳಿಟ್ಟು ಇಲ್ಲಿ ಇಷ್ಟಾಯಿತು, ಅಲ್ಲಿ ಅಷ್ಟಾಯಿತು ಅಂತ ತೋರಿಸುವಂತೆ. ಅವನು ನಗುತ್ತಲೇ ಎಲ್ಲ ಪೊಟ್ಟಣ ಕಟ್ಟಿ, ಕೊನೆಗೆ ಒಂದು ಪುಟ್ಟ ಪ್ಲಾಸ್ಟಿಕ್ ಚೀಲದಲ್ಲಿ ಎರಡು ಕ್ರಿಸ್ಟಲ್ ಹಾಕಿ ಕೊಟ್ಟ. "ಒಂದು ಎಕ್ಸ್‌ಟ್ರಾ ಇಟ್ಕೊಳ್ಳಿ ಸಾರ್, ಕೆಳಗೆ ಬೀಳ್ಸಿದ್ರೆ ಹೋಯ್ತು."

ಬೀಳಿಸಿದೆ. ಎರಡನೇ ದಿನವೇ, ಮೊಸಾಯಿಕ್ ನೆಲಕ್ಕೆ. ಹೋಗಿದ್ದು ಹೇಗೂ ಹೋಯಿತು ಅಂತ ಇಕ್ಕಳದಿಂದ ಅದರ ತಗಡಿನ ಕವಚವನ್ನು ಬಿಡಿಸಿದೆ. ಕವಚ ಅಂದರೆ ಅಕ್ಕಿಕಾಳಿಗಿಂತ ತುಸು ದೊಡ್ಡದೊಂದು ಕೊಳವೆ. ಒಳಗೆ, ಭೂತಗನ್ನಡಿ ಹಿಡಿದರೆ ಮಾತ್ರ ಸರಿಯಾಗಿ ಕಾಣುವಂಥ ಒಂದು ಕವೆ. ಭೌತಶಾಸ್ತ್ರದ ಲ್ಯಾಬಿನಲ್ಲಿ ಮೇಜಿಗೆ ತಟ್ಟಿ ಕಿವಿಗೆ ಹಿಡಿಯುತ್ತಿದ್ದೆವಲ್ಲ, ಆ ಶ್ರುತಿಕವೆಯದೇ ಆಕಾರ. ಎರಡು ಕಾಲು, ಮೇಲೆ ತೆಳ್ಳಗೆ ಲೋಹದ ಲೇಪ, ಲೇಪವಿಲ್ಲದ ಕಡೆ ಗಾಜಿನಂತೆ ಪಾರದರ್ಶಕ. ಒಂದು ಕಾಲು ಮುರಿದಿತ್ತು. ಅಂಗಡಿಯವರು ಕ್ರಿಸ್ಟಲ್ ಎನ್ನುವ, ಗಡಿಯಾರದ ಮುಖದ ಮೇಲೆ ಕ್ವಾರ್ಟ್ಸ್ ಎಂದು ಅಚ್ಚಾಗುವ ಇದು ನಮ್ಮ ಬೆಣಚುಕಲ್ಲು.

ಬೆಣಚುಕಲ್ಲು ಅಂದ ಕೂಡಲೇ ನನಗೆ ಚಿತ್ರದುರ್ಗದ ಕಡೆಯ ನಮ್ಮ ಊರಿನ ಬೇಲಿಸಾಲು ನೆನಪಾಗುತ್ತದೆ. ರಾತ್ರಿ ಕರೆಂಟು ಹೋದರೆ ಹುಡುಗರೆಲ್ಲ ಎರಡೆರಡು ಬಿಳಿ ಬೆಣಚುಕಲ್ಲು ಆರಿಸಿಕೊಂಡು, ಕಂಬಳಿಯೊಳಗೆ ಮುಸುಕು ಹಾಕಿಕೊಂಡು, ಒಂದಕ್ಕೊಂದು ಜೋರಾಗಿ ಉಜ್ಜುತ್ತಿದ್ದೆವು. ಕಿಡಿ ಹಾರುವುದಿಲ್ಲ. ಕಲ್ಲಿನ ಒಳಗೇ ಒಂದು ಮಸುಕು ಹಳದಿ ಬೆಳಕು ಹೊತ್ತಿ ಆರುತ್ತದೆ, ಕಲ್ಲಿಗೆ ಕನಸು ಬಿದ್ದ ಹಾಗೆ. ಜೊತೆಗೆ ಸುಟ್ಟ ವಾಸನೆ. ನೀರಿನಲ್ಲಿ ಮುಳುಗಿಸಿ ಉಜ್ಜಿದರೂ ಆ ಬೆಳಕು ಬರುತ್ತದೆ; ಅದನ್ನು ಬಕೀಟಿನಲ್ಲಿ ಪರೀಕ್ಷೆ ಮಾಡಿ ಬೈಸಿಕೊಂಡಿದ್ದೇನೆ. ಕಲ್ಲಿನೊಳಗೆ ಏನೋ ಇದೆ ಎಂಬ ಗುಮಾನಿ ಆಗಲೇ ಹುಟ್ಟಿತ್ತು. ಏನಿದೆ ಅಂತ ಗೊತ್ತಾದದ್ದು ಬಹಳ ತಡವಾಗಿ. 1880ರಲ್ಲಿ ಪ್ಯಾರಿಸ್ಸಿನಲ್ಲಿ ಪಿಯರ್ ಕ್ಯೂರಿ ಮತ್ತು ಅವನ ಅಣ್ಣ ಜಾಕ್ ಕಂಡುಕೊಂಡರಂತೆ, ಬೆಣಚಿನಂಥ ಕೆಲವು ಹರಳುಗಳನ್ನು ಒತ್ತಿದರೆ ಅವುಗಳ ಮೈಮೇಲೆ ವಿದ್ಯುತ್ತು ಮೂಡುತ್ತದೆ ಅಂತ. ತಿರುಗಾಮುರುಗಾ ಕೂಡ ನಿಜ: ವಿದ್ಯುತ್ತು ಕೊಟ್ಟರೆ ಹರಳು ಮಿಸುಕಾಡುತ್ತದೆ. ಆ ಮಿಸುಕಾಟವನ್ನು ಎಣಿಸಿಯೇ ಹೊತ್ತು ಅಳೆಯಬಹುದೆಂದು 1927ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ವಾರನ್ ಮ್ಯಾರಿಸನ್ ಮತ್ತು ಹಾರ್ಟನ್ ಮೊದಲ ಕ್ವಾರ್ಟ್ಸ್ ಗಡಿಯಾರ ಕಟ್ಟಿದರು. ಅದನ್ನು ಕೈಗೆ ಕಟ್ಟುವ ಮಾತಿರಲಿ, ಎತ್ತಿ ಇಡುವುದೂ ಕಷ್ಟವಿತ್ತು. ಈಗ ಅದರ ಜೀವ ನನ್ನ ಅಂಗೈಯಲ್ಲಿ, ಒಂದು ಕಾಲು ಮುರಿದುಕೊಂಡು.

ಉಳಿದೊಂದು ಕ್ರಿಸ್ಟಲ್ಲನ್ನು ಉಸಿರು ಬಿಗಿಹಿಡಿದು ಬೆಸೆದೆ. ಅದು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಮನುಷ್ಯನ ಕಿವಿ 20,000ದ ಆಸುಪಾಸಿಗೆ ಸೋಲುತ್ತದೆ, ಆದ್ದರಿಂದ ಈ ಸ್ವರ ನಮಗಿಲ್ಲ. ಬಾವಲಿಗೂ ಸಿಗುವುದಿಲ್ಲ, ಯಾಕೆಂದರೆ ಕವಚದೊಳಗಿನ ಗಾಳಿಯನ್ನೂ ತೆಗೆದಿರುತ್ತಾರೆ. ಸದ್ದಿಗೆ ಗಾಳಿಯೂ ಇಲ್ಲದ ಕೋಣೆಯಲ್ಲಿ ಕೂತು ಹಾಡುವ ಹಾಡು.

32,768 ಎಂಬ ಈ ವಿಚಿತ್ರ ಸಂಖ್ಯೆ ಯಾಕೆ? ಅರ್ಧ ಮಾಡುತ್ತ ಹೋಗಿ. 16,384. 8,192. ಹದಿನೈದನೇ ಸಲಕ್ಕೆ ಸರಿಯಾಗಿ 1. ಚದುರಂಗದ ಮಣೆಯ ಮೇಲೆ ಮನೆಮನೆಗೂ ಅಕ್ಕಿಕಾಳನ್ನು ಇಮ್ಮಡಿ ಮಾಡುತ್ತ ಹೋಗಿ ರಾಜನ ಕಣಜ ಬರಿದಾದ ಕತೆ ಗೊತ್ತಲ್ಲ. ಇದು ಅದನ್ನೇ ಹಿಮ್ಮುಖವಾಗಿ ಹೇಳಿದ ಹಾಗೆ. ಕಣಜದಿಂದ ಹೊರಟು ಒಂದು ಕಾಳಿಗೆ ಬರುವುದು. 4060 ಎಂಬ ಹದಿನಾರು ಕಾಲಿನ ಐಸಿಯ ಮುಖ್ಯ ಉದ್ಯೋಗವೇ ಇದು: ಎರಡು ಬಂದರೆ ಒಂದನ್ನು ಮುಂದಕ್ಕೆ ಬಿಡು. ಅದರೊಳಗೆ ಇಂಥ ಹದಿನಾಲ್ಕು ಮೆಟ್ಟಿಲು. ಹದಿನೈದನೆಯದಕ್ಕೆ ಇನ್ನೊಂದು ಐಸಿ, 4013.

ಬೆಸುಗೆ ಮುಗಿಸುವ ಮೊದಲು ಒಂದು ಆಟ ಆಡಿದೆ. ರೂಮಿನ ದೀಪ ಆರಿಸಿ, ಒಂದೇ ಒಂದು ಎಲ್‌ಇಡಿಯನ್ನು 4060ರ ಕೊನೆಯ ಮೆಟ್ಟಿಲಿಗೆ ತಾಗಿಸಿದೆ. ಸೆಕೆಂಡಿಗೆ ಎರಡು ಮಿಣುಕು, ಆರಾಮಾಗಿ. ಒಂದು ಮೆಟ್ಟಿಲು ಹಿಂದೆ ಹೋದೆ, ನಾಲ್ಕು. ಇನ್ನೊಂದು, ಎಂಟು; ಹಕ್ಕಿಮರಿಯ ಎದೆಯಂತೆ ಪಟಪಟ. ಅದರ ಹಿಂದಿನ ಮೆಟ್ಟಿಲಿಗೆ ಯಾಕೋ ಈ ಐಸಿಯಲ್ಲಿ ಹೊರಗೆ ಕಾಲು ಕೊಟ್ಟಿಲ್ಲ, ಹಾರಿಕೊಂಡು 32ಕ್ಕೆ ಹೋಗಬೇಕು. ಅಲ್ಲಿ ಮಿಣುಕು ಬರೀ ನಡುಕವಾಯಿತು. 64ಕ್ಕೆ ತಾಗಿಸಿದೆ: ದೀಪ ನಿಂತೇಬಿಟ್ಟಿತು. ಅಲುಗದೆ, ಶಾಂತವಾಗಿ, ದೇವರ ಮನೆಯ ನಂದಾದೀಪದ ಹಾಗೆ ಉರಿಯುತ್ತಿತ್ತು. ಅದು ಹೊತ್ತಿ ಆರುತ್ತಿದೆ ಅಂತ ನನಗೆ ಗೊತ್ತು, ಕಣ್ಣು ಮಾತ್ರ ಒಪ್ಪದು. ಅನುಮಾನ ತೀರಿಸಿಕೊಳ್ಳಲು ಎಲ್‌ಇಡಿಯನ್ನು ವೈರಿನ ಸಮೇತ ಹಿಡಿದು ಕತ್ತಲಲ್ಲಿ ಜೋರಾಗಿ ಬೀಸಿದೆ. ಗಾಳಿಯಲ್ಲಿ ಕೆಂಪು ಗೆರೆ ಬರಲಿಲ್ಲ, ಕೆಂಪು ಚುಕ್ಕಿಗಳ ಸಾಲು ಬಂತು, ಯಾರೋ ರಂಗೋಲಿಗೆ ಚುಕ್ಕಿ ಇಟ್ಟ ಹಾಗೆ, ಒಂದಕ್ಕೊಂದು ಸಮದೂರದಲ್ಲಿ. ನಿಲ್ಲಿಸಿದೆ, ಮತ್ತೆ ನಂದಾದೀಪ. ಬೀಸಿದೆ, ಮತ್ತೆ ಚುಕ್ಕಿ. ಹೀಗೆ ಎಷ್ಟು ಹೊತ್ತು ಕೈ ಬೀಸುತ್ತ ಕೂತಿದ್ದೆನೋ, ಊಟಕ್ಕೆ ಕರೆಯಲು ಬಂದ ಹೆಂಡತಿ ಬಾಗಿಲಲ್ಲೇ ನಿಂತು ನೋಡಿ ವಾಪಸು ಹೋಗಿದ್ದಳು ಅಂತ ಆಮೇಲೆ ಗೊತ್ತಾಯಿತು.

ಅರವತ್ತು ದೀಪಕ್ಕೆ ಅರವತ್ತು ವೈರು ಬೇಡ. ಇದನ್ನು ಬೆಂಗಳೂರಿನವರಿಗೆ ಬಿಡಿಸಿ ಹೇಳಬೇಕಿಲ್ಲ, ನಮ್ಮ ವಿಳಾಸಗಳೇ ಹಾಗೆ. ಆರು ಮೇನ್, ಹತ್ತು ಕ್ರಾಸ್. ನಲವತ್ತಮೂರನೇ ಸೆಕೆಂಡಿನ ಮನೆ ನಾಲ್ಕನೇ ಮೇನ್, ಮೂರನೇ ಕ್ರಾಸ್. ಒಂದು 4017 ಕ್ರಾಸುಗಳನ್ನು ಸೊನ್ನೆಯಿಂದ ಒಂಬತ್ತರವರೆಗೆ ಒಂದೊಂದಾಗಿ ಎಬ್ಬಿಸುತ್ತ ಹೋಗುತ್ತದೆ. ಅದು ಒಂದು ಸುತ್ತು ಮುಗಿಸಿದಾಗ ಇನ್ನೊಂದು 4017 ಮೇನನ್ನು ಬದಲಿಸುತ್ತದೆ. ಎರಡೂ ಕೂಡುವ ಮೂಲೆಯಲ್ಲಿ ಮಾತ್ರ ದೀಪ. ಹದಿನಾರು ವೈರಿನಲ್ಲಿ ಅರವತ್ತು ಮನೆ. (ಸೊನ್ನೆಯ ಮೇನ್ ಯಾವ ಬಡಾವಣೆಯಲ್ಲೂ ಇಲ್ಲ, ನನ್ನದರಲ್ಲಿದೆ.) ಮೊದಲ ಸಲ ಕರೆಂಟು ಕೊಟ್ಟಾಗ ಮೂರನೇ ಕ್ರಾಸಿನವರೂ ನಾಲ್ಕನೇ ಕ್ರಾಸಿನವರೂ ಪ್ರತಿ ಮೇನಿನಲ್ಲೂ ಒಟ್ಟೊಟ್ಟಿಗೆ, ಅರೆಮನಸ್ಸಿನಿಂದ ಹೊತ್ತಿಕೊಂಡರು. ಹುಡುಕಿದರೆ, ಎರಡು ವೈರಿನ ನಡುವೆ ಸಾಸಿವೆಗಿಂತ ಚಿಕ್ಕ ಬೆಸುಗೆಯ ಹನಿಯೊಂದು ಬಿದ್ದು ಒಳದಾರಿ ಮಾಡಿಕೊಟ್ಟಿತ್ತು.

ಆ ಹನಿಯನ್ನು ಕೆರೆದು ತೆಗೆಯುವಾಗ ನೆನಪಾದವಳು ಲೀಲಾವತಿ. ವಿಜಯಪುರದ ಕಡೆಯವನೆಂದು ನಾವು ಹೆಮ್ಮೆಯಿಂದ ಹೇಳಿಕೊಳ್ಳುವ ಭಾಸ್ಕರಾಚಾರ್ಯನ ಮಗಳು. ಮದುವೆಯ ಮುಹೂರ್ತಕ್ಕೆಂದು ನೀರಿನಲ್ಲಿ ತೇಲಿಬಿಟ್ಟ ಗಳಿಗೆ ಬಟ್ಟಲನ್ನು ಬಗ್ಗಿ ನೋಡಿದಳಂತೆ, ಅವಳ ಒಡವೆಯ ಮುತ್ತೊಂದು ಉದುರಿ ಬಟ್ಟಲಿನ ತೂತಿಗೆ ಕೂತಿತಂತೆ, ಬಟ್ಟಲು ಮುಳುಗಲಿಲ್ಲ, ಮುಹೂರ್ತ ದಾಟಿಹೋಯಿತಂತೆ. ಐತಿಹ್ಯವಷ್ಟೇ. ಆದರೆ ಈ ಕತೆ ಕಟ್ಟಿದವರು ಗಡಿಯಾರದ ಜೊತೆ ಒದ್ದಾಡಿದವರೇ ಇರಬೇಕು. ಗಡಿಯಾರ ಕೆಡುವುದು ಯಾವತ್ತೂ ಇಷ್ಟೇ ಸಣ್ಣದರಿಂದ.

ಗಳಿಗೆ ಬಟ್ಟಲಿನ ಲೆಕ್ಕವೂ ಅರವತ್ತರದ್ದೇ. ತಳದಲ್ಲಿ ಸೂಜಿತೂತಿರುವ ತಾಮ್ರದ ಬಟ್ಟಲು ತುಂಬಿ ಮುಳುಗಿದರೆ ಒಂದು ಗಳಿಗೆ, ಅಂದರೆ ಇಂದಿನ 24 ನಿಮಿಷ. ದಿನಕ್ಕೆ ಅರವತ್ತು ಗಳಿಗೆ, ಗಳಿಗೆಗೆ ಅರವತ್ತು ವಿಗಳಿಗೆ. ಬ್ಯಾಬಿಲೋನಿನವರು ಅರವತ್ತರಲ್ಲಿ ಎಣಿಸಿದರು, ಗಡಿಯಾರದ ನಿಮಿಷ ಸೆಕೆಂಡುಗಳು ಆ ವಂಶದವು. ನಮ್ಮ ಪಂಚಾಂಗದ ಸಂವತ್ಸರಗಳೂ ಪ್ರಭವದಿಂದ ಅಕ್ಷಯದವರೆಗೆ ಅರವತ್ತು. ಇದು ಹೊಳೆದ ಮೇಲೆ ನನ್ನ ಉಂಗುರ ಬೇರೆಯಾಗಿ ಕಾಣತೊಡಗಿತು. ದೀಪ 24 ಸೆಕೆಂಡಿಗೊಮ್ಮೆ ಹೆಜ್ಜೆ ಇಡುವಂತೆ ಮಾಡಿದರೆ ಒಂದು ಸುತ್ತಿಗೆ ಒಂದು ಗಳಿಗೆ. 24 ನಿಮಿಷಕ್ಕೊಮ್ಮೆ ಇಟ್ಟರೆ ಒಂದು ಸುತ್ತಿಗೆ ಒಂದು ದಿನ. ಯುಗಾದಿಯಿಂದ ಯುಗಾದಿಗೆ ಒಂದೊಂದೇ ಮನೆ ದಾಟುತ್ತ ಹೋದರೆ, ಸುತ್ತು ಮುಗಿದಾಗ ಷಷ್ಟಿಪೂರ್ತಿಯ ಊಟ. ಒಂದು ವೈರು ಬದಲಾಯಿಸುವುದಿಲ್ಲ, ಒಂದು ದೀಪ ಹೆಚ್ಚು ಕಮ್ಮಿ ಇಲ್ಲ. ನನ್ನ ಲೆಕ್ಕದಲ್ಲಿ ನಾನೀಗ ಐದನೇ ಮೇನಿನ ಎಂಟನೇ ಕ್ರಾಸಿನಲ್ಲಿದ್ದೇನೆ.

ಭಾನುವಾರ ಪೆನ್ಸಿಲ್ಲಿನ ತಪ್ಪಿನಿಂದ ಹುಟ್ಟಿದ್ದ ಅರವತ್ತೊಂದನೇ ಸೆಕೆಂಡು ಸುಳ್ಳೇನಲ್ಲ. 1967ರಿಂದ ಸೆಕೆಂಡನ್ನು ಅಳೆಯುವುದು ಸೀಸಿಯಂ ಪರಮಾಣುವಿನಿಂದ: ಅದು ಹೀರಿ ಬಿಡುವ ಒಂದು ನಿರ್ದಿಷ್ಟ ಅಲೆಯ 9,19,26,31,770 ಕಂಪನಗಳಾದರೆ ಒಂದು ಸೆಕೆಂಡು. ಪರಮಾಣು ಹಟ ಹಿಡಿದು ಅಷ್ಟನ್ನೇ ಎಣಿಸುತ್ತದೆ. ಭೂಮಿ ಅಷ್ಟು ಕಟ್ಟುನಿಟ್ಟಲ್ಲ. ಚಂದ್ರ ಎಬ್ಬಿಸುವ ಭರತ ಇಳಿತಗಳ ತಿಕ್ಕಾಟಕ್ಕೆ ಅದು ಯುಗಯುಗಗಳಿಂದ ಕೂದಲೆಳೆಯಷ್ಟು ನಿಧಾನವಾಗುತ್ತ ಬಂದಿದೆ. ಇಬ್ಬರನ್ನೂ ಸರಿದೂಗಿಸಲು 1972ರಿಂದ ಆಗಾಗ ಒಂದು ಸೆಕೆಂಡು ಸೇರಿಸುತ್ತ ಬಂದರು, ಈವರೆಗೆ 27 ಸಲ. ಕೊನೆಯ ಸಲ ಸೇರಿಸಿದ್ದು ನಮ್ಮ ಗಡಿಯಾರದಲ್ಲಿ 2017ರ ಜನವರಿ 1ರ ಬೆಳಗ್ಗೆ: 5 ಗಂಟೆ 29 ನಿಮಿಷ 59 ಸೆಕೆಂಡು ಆದಮೇಲೆ 5 ಗಂಟೆ 29 ನಿಮಿಷ 60 ಸೆಕೆಂಡು. ಆಗ ನಾನು ನಿದ್ದೆಯಲ್ಲಿದ್ದೆ. ನನ್ನ ಬಡಾವಣೆಯಲ್ಲಿ ಆರನೇ ಮೇನ್ ಇಲ್ಲ, ಇದ್ದಿದ್ದರೆ ಸೊನ್ನೆಯ ಕ್ರಾಸಿನಲ್ಲಿ ಆ ಅತಿಥಿಗೊಂದು ಮನೆ ಕೊಡಬಹುದಿತ್ತು.

ಸೆಕೆಂಡು ಯಾರಿಗೆ ಬೇಕು? ಅಡುಗೆಗೆ ಬೇಡ, ಬಸ್ಸಿಗೆ ಬೇಡವೇ ಬೇಡ. ನಮ್ಮ ಮನೆಯಲ್ಲಿ ಸೆಕೆಂಡು ಬೇಕಿದ್ದದ್ದು ಅಮ್ಮನಿಗೊಬ್ಬಳಿಗೆ. ಅವಳು ತಾಲ್ಲೂಕು ಆಸ್ಪತ್ರೆಯಲ್ಲಿ ನರ್ಸಾಗಿದ್ದವಳು. ಎಚ್‌ಎಂಟಿ ವಾಚನ್ನು, ಅದರ ಮುಖ ಮಣಿಕಟ್ಟಿನ ಒಳಬದಿಗೆ ಬರುವ ಹಾಗೆ ಕಟ್ಟಿಕೊಳ್ಳುತ್ತಿದ್ದಳು, ರೋಗಿಯ ಕೈ ಹಿಡಿದಾಗ ಸೀದಾ ಕಾಣಲಿ ಅಂತ. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ ಬೆಂಗಳೂರಿನಲ್ಲಿ ಶುರುವಾದ ಕಾರ್ಖಾನೆಯ ವಾಚು ಅದು. ದಿನಾ ಬೆಳಗ್ಗೆ ಕೀಲಿ ಕೊಡಬೇಕು, ಕಿವಿಗೆ ಹಿಡಿದರೆ ಸೆಕೆಂಡಿಗೆ ಐದು ಟಿಕ್. ನಾವು ಹುಡುಗರಿಗೆ ಜ್ವರ ಬಂದರೆ ಅಮ್ಮ ಮೊದಲು ಹಣೆ ಮುಟ್ಟುತ್ತಿರಲಿಲ್ಲ, ಕೈ ಹಿಡಿಯುತ್ತಿದ್ದಳು. ಮೂರು ಬೆರಳು ಮಾತ್ರ. "ಹೆಬ್ಬೆರಳು ಇಡಬಾರದು, ಅದರದ್ದೇ ನಾಡಿ ಬಡಿಯುತ್ತೆ, ಯಾರದ್ದು ಎಣಿಸ್ತಿದ್ದೀವಿ ಅಂತ ಗೊತ್ತಾಗಲ್ಲ." ಸೆಕೆಂಡಿನ ಮುಳ್ಳು ಹನ್ನೆರಡಕ್ಕೆ ಬರುವವರೆಗೆ ಕಾದು, ಅರ್ಧ ನಿಮಿಷ ಎಣಿಸಿ, ದುಪ್ಪಟ್ಟು ಮಾಡಿ ಹೇಳುತ್ತಿದ್ದಳು. ಆ ಅರ್ಧ ನಿಮಿಷ ಯಾರೂ ಮಾತಾಡುವಂತಿರಲಿಲ್ಲ.

ವಾಚಿಗೂ ನಾಡಿಗೂ ನಂಟು ಹಳೆಯದು. ಗೆಲಿಲಿಯೊ ಪೀಸಾದ ಚರ್ಚಿನಲ್ಲಿ ತೂಗಾಡುವ ದೀಪವನ್ನು ತನ್ನ ನಾಡಿ ಹಿಡಿದುಕೊಂಡು ಎಣಿಸಿ, ತೂಗಾಟ ಕಡಿಮೆಯಾದರೂ ಹೊತ್ತು ಅಷ್ಟೇ ಹಿಡಿಯುತ್ತದೆಂದು ಕಂಡುಕೊಂಡ ಎಂದು ಅವನ ಶಿಷ್ಯ ವಿವಿಯಾನಿ ಬರೆದಿಟ್ಟ. ಲೋಲಕದ ಗಡಿಯಾರಗಳು ಬಂದ ಮೇಲೆ ಕತೆ ತಿರುಗಿತು. 1707ರಲ್ಲಿ ಜಾನ್ ಫ್ಲಾಯರ್ ಎಂಬ ಇಂಗ್ಲಿಷ್ ವೈದ್ಯ, ಸರಿಯಾಗಿ ಒಂದೇ ನಿಮಿಷ ಓಡಿ ನಿಲ್ಲುವ ಗಡಿಯಾರ ಮಾಡಿಸಿ, ಅದನ್ನಿಟ್ಟುಕೊಂಡು ರೋಗಿಗಳ ನಾಡಿ ಎಣಿಸಿ ಪುಸ್ತಕ ಬರೆದ. ಮೊದಲು ನಾಡಿ ಗಡಿಯಾರವನ್ನು ಎಣಿಸಿತು, ಆಮೇಲೆ ಗಡಿಯಾರ ನಾಡಿಯನ್ನು ಎಣಿಸಿತು.

ಉಂಗುರ ಗೋಡೆಗೇರಿದ ದಿನ ಅಮ್ಮ ಅದರ ಎದುರಿನ ಕುರ್ಚಿಯಲ್ಲಿ ಸುಮಾರು ಹೊತ್ತು ಕೂತಿದ್ದಳು. ಕಣ್ಣಿನ ಪೊರೆ ತೆಗೆಸಿದ ಮೇಲೂ ವಾಚಿನ ಮುಳ್ಳು ಅವಳಿಗೆ ಸರಿಯಾಗಿ ಕಾಣುವುದಿಲ್ಲ, ಇದು ಕಂಡಿತು. "ಪರವಾಗಿಲ್ಲ ಕಣೋ" ಅಂದಳು. ಆಮೇಲೆ, "ಹಾರಿಹಾರಿ ಹೋಗುತ್ತೆ. ನನ್ನ ವಾಚಲ್ಲಿ ಮುಳ್ಳು ಜಾರ್ತಾ ಹೋಗೋದು." ಎರಡು ದೀಪದ ನಡುವೆ ಹೊತ್ತು ಎಲ್ಲಿರುತ್ತದೆ ಅಂತ ಅವಳು ಕೇಳಲಿಲ್ಲ, ನನಗೇ ಆವತ್ತು ರಾತ್ರಿ ಆ ಪ್ರಶ್ನೆ ಕಾಡಿತು. ಒಂದು ದೀಪ ಆರಿ ಪಕ್ಕದ್ದು ಹೊತ್ತುವುದಕ್ಕೆ ಕಣ್ಣಿಗೆ ಸಿಗುವಷ್ಟು ಸಮಯವೇ ಬೇಕಾಗುವುದಿಲ್ಲ. ಆದರೂ ಒಂದು ದೀಪ ಉರಿಯುವಷ್ಟರಲ್ಲಿ ಕಲ್ಲು 32,768 ಸಲ ನಡುಗಿರುತ್ತದೆ, ಹೊರಗಿನಿಂದ ನೋಡಿದರೆ ಏನೂ ಆಗಿರುವುದಿಲ್ಲ.

ಬೆಳಕಿಗೂ ಎಣಿಕೆಗೂ ಬೇರೆ ಬೇರೆ ದಾರಿ ಇಟ್ಟಿದ್ದೆ. ಕರೆಂಟು ಹೋದರೆ ದೀಪಗಳು ಆರುತ್ತವೆ, ಅಂಕಿಗಳೂ ಆರುತ್ತವೆ. ಎಣಿಸುವ ಐಸಿಗಳು ಮಾತ್ರ ಒಂದು 9 ವೋಲ್ಟಿನ ಬ್ಯಾಟರಿಯ ಮೇಲೆ ನಡೆಯುತ್ತಲೇ ಇರುತ್ತವೆ. ನಡುವಿನ ಅಂಕಿಗಳನ್ನು ಎಣಿಸಿ ತೋರಿಸುವ 4026ರಲ್ಲಿ ಇದಕ್ಕೆಂದೇ ಒಂದು ಕಾಲಿದೆ: ಮುಖ ಮುಚ್ಚಿಕೊಂಡು ಎಣಿಸು ಅಂತ ಹೇಳುವ ಕಾಲು. ಇಡೀ ಗಡಿಯಾರದಲ್ಲಿ ನನಗೆ ಅತ್ಯಂತ ಇಷ್ಟವಾದದ್ದು ಅದೇ.

ಕಳೆದ ಏಪ್ರಿಲ್ಲಿನ ಒಂದು ಸಂಜೆ, ಮೊದಲ ಮಳೆ ಕವಿದಿತ್ತು. ಮಹಡಿ ಹತ್ತಿ ಬಟ್ಟೆ ತೆಗೆದುಕೊಂಡು ಓಡಿ ಇಳಿದವನಿಗೆ ತಲೆ ಸುತ್ತಿದ ಹಾಗಾಗಿ ಕೂತೆ. "ಕೈ ಕೊಡು ಇಲ್ಲಿ" ಅಂದಳು ಅಮ್ಮ. ಮೂರು ಬೆರಳು. ಎಂಬತ್ತೊಂದು ವರ್ಷದ ಬೆರಳುಗಳು ತಣ್ಣಗಿದ್ದವು, ಇಟ್ಟ ಜಾಗ ಮಾತ್ರ ಒಂದೇ ಸಲಕ್ಕೆ ಸರಿಯಾಗಿತ್ತು. ಅವಳ ಕಣ್ಣು ಉಂಗುರದ ಮೇಲೆ. ದೀಪ ತುದಿಗೆ ಬಂತು. ಅವಳ ತುಟಿ ಅಲುಗತೊಡಗಿತು. ದೀಪ ಒಂದನೇ ಮೇನಿಗೆ ಹೊರಳಿತ್ತಷ್ಟೇ, ಕರೆಂಟು ಹೋಯಿತು.

ಕತ್ತಲು. ಮಳೆ ಶುರುವಾದ ಸದ್ದು. ಅವಳು ಕೈ ಬಿಡಲಿಲ್ಲ, ಬೆರಳು ಅಲುಗಲೂ ಇಲ್ಲ. ಗೋಡೆಯ ಮೇಲೆ ನನ್ನ ಐಸಿಗಳು ಕತ್ತಲಲ್ಲೇ ಎಣಿಸುತ್ತಿರುತ್ತವೆ ಅಂತ ನನಗೆ ಗೊತ್ತಿತ್ತು, ಅವಳಿಗೆ ಹೇಳಿರಲಿಲ್ಲ. ನಾನೂ ಎಣಿಸಲು ನೋಡಿದೆ, ತಪ್ಪಿಹೋಯಿತು. ಸ್ವಲ್ಪ ಹೊತ್ತಿನ ಮೇಲೆ ಬೆರಳು ಎತ್ತಿದಳು.

"ಮೂವತ್ತೆಂಟು. ಎಪ್ಪತ್ತಾರು. ಏನೂ ಆಗಿಲ್ಲ ನಿಂಗೆ, ನೀರು ಕುಡಿ."

"ಅರ್ಧ ನಿಮಿಷ ಆಯ್ತು ಅಂತ ಹೆಂಗೆ ಗೊತ್ತಾಯ್ತು ಅಮ್ಮ? ಏನೂ ಕಾಣ್ತಿರಲಿಲ್ಲವಲ್ಲ."

"ಆಗಿತ್ತು ಬಿಡೋ" ಅಂದು, ಗೋಡೆ ಹಿಡಿದುಕೊಂಡು ಬೆಂಕಿಪೊಟ್ಟಣ ಹುಡುಕಲು ಅಡುಗೆಮನೆಗೆ ಹೋದಳು. ಕರೆಂಟು ಬಂದಾಗ ಏಳು ಗಂಟೆ ಹನ್ನೆರಡು ನಿಮಿಷವಾಗಿತ್ತು. ದೀಪ ಎರಡನೇ ಮೇನಿನ ಏಳನೇ ಕ್ರಾಸಿನಲ್ಲಿತ್ತು.